ಉಪ್ಪುನೀರಿನ ಟ್ಯಾಂಕ್, ಬಯೋ ಫಿಲ್ಟರ್ ಮತ್ತೆ ಇಳಿಯದ ನೈಟ್ರೇಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಮ್ಮ ಮನೆ ಚಾವಡಿಯಲ್ಲಿ ಮೂರಡಿ ಉದ್ದದ ಉಪ್ಪುನೀರಿನ ಟ್ಯಾಂಕ್ ಉಂಟು, ಇಟ್ಟು ಒಂಬತ್ತು ವರ್ಷ ಆಯ್ತು. ಎರಡು ಕ್ಲೌನ್, ಮೂರು ಡ್ಯಾಮ್ಸೆಲ್, ಒಂದು ಗೋಬಿ ಮೀನು, ಕೆಲವು ಬಸವನಹುಳು. ಮಂಗಳೂರು, ಸುರತ್ಕಲ್, ಕುಂದಾಪುರ ಕಡೆಯಿಂದ ಹೊಸತಾಗಿ ಟ್ಯಾಂಕ್ ಇಟ್ಟವರು ಫೋನ್ ಮಾಡಿ ಕೇಳುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು, ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿದ್ದೇನೆ.

ಬಯಲಾಜಿಕಲ್ ಫಿಲ್ಟರ್ ಅಂದ್ರೆ ಎಂತ? ಆ ಸ್ಪಂಜಾ?

ಸ್ಪಂಜು ಮನೆ ಮಾತ್ರ, ಕೆಲಸ ಮಾಡುದು ಅದರ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯ. ಮೀನು ಕಿವಿರಿನಿಂದ ಅಮೋನಿಯ ಬಿಡ್ತಾ ಇರ್ತದೆ, ತಿನ್ನದೆ ಉಳಿದ ಆಹಾರ ಕೊಳೆತ್ರೂ ಅಮೋನಿಯವೇ. ಬೆಳಿಗ್ಗೆ ದನದ ಹಟ್ಟಿಗೆ ಹೋದಾಗ ಮೂಗಿಗೆ ಬಡಿತದಲ್ಲ, ಅದೇ. ಒಂದು ಜಾತಿ ಬ್ಯಾಕ್ಟೀರಿಯ ಇದನ್ನು ನೈಟ್ರೈಟ್ ಮಾಡ್ತದೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡ್ತದೆ. ಈ ಕೆಲಸಕ್ಕೆ ಆಮ್ಲಜನಕ ಬೇಕೇ ಬೇಕು. ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಗಳನ್ನು 1890ರ ಸುಮಾರಿಗೆ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ರು. ಬ್ಯಾಕ್ಟೀರಿಯ ಮಾತ್ರ ಅಲ್ಲ, ಆರ್ಕಿಯ ಅನ್ನುವ ಬೇರೆಯೇ ಗುಂಪಿನ ಸೂಕ್ಷ್ಮಜೀವಿಯೂ ಅಮೋನಿಯ ತಿಂತದೆ ಅಂತ 2005ರಲ್ಲಿ ಗೊತ್ತಾಯ್ತು, ಅದು ಸಿಕ್ಕಿದ್ದು ಎಲ್ಲಿ ಅಂದ್ರೆ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ಮೀನು ಟ್ಯಾಂಕಲ್ಲಿ! ನಮ್ಮ ಟ್ಯಾಂಕಿನಂಥದ್ದೇ ಒಂದು ಟ್ಯಾಂಕಲ್ಲಿ ಅಂತ ನೆನೆಸಿದ್ರೆ ನನಗೆ ಈಗ್ಲೂ ಖುಷಿ ಆಗ್ತದೆ.

ಫಿಲ್ಟರ್ ಅಷ್ಟು ದೊಡ್ಡದು ಹಾಕಿದ್ದೇನೆ, ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ಆದ್ರೆ ನೈಟ್ರೇಟ್ 60 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ಫಿಲ್ಟರ್ ಹಾಳಾ?

ಇಲ್ಲ ಮಾರಾಯ್ರೆ, ಫಿಲ್ಟರ್ ಚೆನ್ನಾಗಿ ಕೆಲಸ ಮಾಡ್ತಾ ಉಂಟು ಅಂತ ಅರ್ಥ. ಫಿಲ್ಟರ್ ಕೊಳೆಯನ್ನು ಮಾಯ ಮಾಡುದಿಲ್ಲ, ರೂಪ ಬದಲಿಸ್ತದೆ ಅಷ್ಟೆ. ಅಡಿಕೆ ತೋಟದಲ್ಲಿ ಹಟ್ಟಿಗೊಬ್ಬರ ಹಾಕ್ತೇವಲ್ಲ, ಅಲ್ಲಿಯೂ ಮಣ್ಣಲ್ಲಿ ಇದೇ ಆಗುದು, ಅಮೋನಿಯ ಹೋಗಿ ನೈಟ್ರೇಟ್, ಅದನ್ನು ಅಡಿಕೆ ಮರದ ಬೇರು ಕುಡಿತದೆ, ಲೆಕ್ಕ ಚುಕ್ತಾ. ಟ್ಯಾಂಕಲ್ಲಿ ಆ ಅಡಿಕೆ ಮರ ಇಲ್ಲ. ನೈಟ್ರೇಟ್ ಬಂತು, ಕೂತಿತು, ನಾಳೆ ಇನ್ನಷ್ಟು ಬಂತು. ನೀವು ಫಿಲ್ಟರ್ ಇನ್ನೂ ದೊಡ್ಡದು ಮಾಡಿದ್ರೂ ನೈಟ್ರೇಟ್ ಒಂದು ಪಿಪಿಎಂ ಸಹ ಇಳಿಯುದಿಲ್ಲ. ಹಾಗಾಗಿ ಕೇಳ್ಬೇಕಾದ ಪ್ರಶ್ನೆ ಎರಡೇ, ದಿನಕ್ಕೆ ಎಷ್ಟು ಒಳಗೆ ಬರ್ತದೆ, ಯಾವ ದಾರಿಯಲ್ಲಿ ಹೊರಗೆ ಹೋಗ್ತದೆ. ಕೆಳಗೆ ಬರೆದದ್ದೆಲ್ಲ ಈ ಎರಡರ ವಿಷಯವೇ.

ಎಷ್ಟು ನೈಟ್ರೇಟ್ ತನಕ ಪರವಾಗಿಲ್ಲ?

ತೆರೆದ ಸಮುದ್ರದ ಮೇಲ್ಮೈ ನೀರಲ್ಲಿ ಹೆಚ್ಚುಕಮ್ಮಿ ಏನೂ ಇರುದಿಲ್ಲ. ಮೀನು ಮಾತ್ರ ಇರುವ ಟ್ಯಾಂಕಲ್ಲಿ 20ರ ಒಳಗೆ ಇದ್ರೆ ನಾನು ನೆಮ್ಮದಿಯಲ್ಲಿ ಮಲಗ್ತೇನೆ, 40 ದಾಟಿದ್ರೆ ಏನಾದ್ರೂ ಮಾಡ್ಲೇಬೇಕು. ಅನಿಮೋನ್, ಸಿಗಡಿ, ಬಸವನಹುಳು ಇದ್ರೆ 10ರ ಹತ್ತಿರ ಇಡಿ. ಸೊನ್ನೆಗೆ ಇಳಿಸ್ಲಿಕ್ಕೆ ಒದ್ದಾಡ್ಬೇಡಿ, ನೈಟ್ರೇಟ್ ಫಾಸ್ಫೇಟ್ ಎರಡೂ ಪೂರ್ತಿ ಸೊನ್ನೆ ಆದ ಟ್ಯಾಂಕಲ್ಲಿ ಕಂದು ಲೋಳೆಯ ಹಾಗೆ ಡೈನೊಫ್ಲ್ಯಾಜೆಲೇಟ್ ಅನ್ನುವ ಸೂಕ್ಷ್ಮಜೀವಿ ಹಿಡಿಯುದುಂಟು, ಅದನ್ನು ಓಡಿಸುದು ನೈಟ್ರೇಟಿಗಿಂತ ಕಷ್ಟ. ಮತ್ತೆ 80ರಲ್ಲಿದ್ದದ್ದನ್ನು ಒಂದೇ ದಿನಕ್ಕೆ 10ಕ್ಕೆ ತರ್ಬೇಡಿ, ಮೀನು ಅಭ್ಯಾಸ ಆಗಿರ್ತದೆ, ಒಮ್ಮೆಲೆ ಬದಲಾದ್ರೆ ಅದಕ್ಕೂ ಕಷ್ಟ.

ನೈಟ್ರೈಟ್ 1 ತೋರಿಸ್ತಾ ಉಂಟು, ಮೀನು ಸಾಯ್ತದಾ?

ಸಿಹಿನೀರಲ್ಲಿ ಆಗಿದ್ರೆ ದೊಡ್ಡ ಅಪಾಯ. ಉಪ್ಪುನೀರಲ್ಲಿ ಕ್ಲೋರೈಡ್ ತುಂಬ ಇರ್ತದೆ, ಅದು ಕಿವಿರಿನ ಹತ್ತಿರ ನೈಟ್ರೈಟಿಗೆ ದಾರಿ ಬಿಡುದಿಲ್ಲ, ಹಾಗಾಗಿ ಅಷ್ಟು ವಿಷ ಆಗುದಿಲ್ಲ. ಅಮೋನಿಯದ್ದು ಉಲ್ಟಾ, ಪಿಎಚ್ ಜಾಸ್ತಿ ಇದ್ದಷ್ಟು ಅದರ ವಿಷದ ಭಾಗ ಜಾಸ್ತಿ, ನಮ್ಮ ಟ್ಯಾಂಕಿನ ಪಿಎಚ್ 8.2ರ ಸುಮಾರು, ಬಿಸಿಲುಗಾಲದಲ್ಲಿ ನೀರೂ ಬಿಸಿ. ಅಮೋನಿಯ ಕಂಡ್ರೆ ಅದೇ ದಿನ ನೀರು ಬದಲಿಸಿ.

ಟೆಸ್ಟ್ ಕಿಟ್ ಒಂದೊಂದು ಒಂದೊಂದು ಹೇಳ್ತದೆ, ಯಾವುದು ನಂಬುದು?

ಮೊದ್ಲು ನೋಡ್ಬೇಕಾದ್ದು ಕಿಟ್ ಲೆಕ್ಕ ಹಾಕುದು ನೈಟ್ರೇಟನ್ನಾ ಇಲ್ಲ ನೈಟ್ರೇಟಿನ ಒಳಗಿನ ನೈಟ್ರೋಜನ್ ಮಾತ್ರವಾ ಅಂತ. ಎರಡನೇದಾದ್ರೆ ಬಂದ ಸಂಖ್ಯೆಯನ್ನು 4.43ರಿಂದ ಗುಣಿಸಿ, 5 ಅಂತ ತೋರಿಸಿದ್ದು ನಿಜವಾಗಿ 22. ಎಪಿಐ ಕಂಪೆನಿಯ ಎರಡು ಬಾಟ್ಲಿಯ ಕಿಟ್ ಆದ್ರೆ ಎರಡನೇ ಬಾಟ್ಲಿಯನ್ನು 30 ಸೆಕೆಂಡ್ ಗಟ್ಟಿ ಕುಲುಕ್ಬೇಕು, ಒಳಗಿನ ಪುಡಿ ಅಡಿಗೆ ಕೂತಿರ್ತದೆ, ಕುಲುಕದೆ ಹಾಕಿ ಸೊನ್ನೆ ಬಂತು ಅಂತ ಖುಷಿಪಟ್ಟವರು ತುಂಬ ಜನ. ನೀರಲ್ಲಿ ನೈಟ್ರೈಟ್ ಇದ್ರೂ ನೈಟ್ರೇಟ್ ಟೆಸ್ಟ್ ಸುಳ್ಳು ಜಾಸ್ತಿ ತೋರಿಸ್ತದೆ, ಹಾಗಾಗಿ ಹೊಸ ಟ್ಯಾಂಕಿನ ಮೊದಲ ತಿಂಗಳ ನೈಟ್ರೇಟ್ ಲೆಕ್ಕವನ್ನು ತಲೆಗೆ ಹಚ್ಕೊಳ್ಬೇಡಿ.

ವಾರ ವಾರ 10% ನೀರು ಬದಲಿಸ್ತೇನೆ, ಆದ್ರೂ ಯಾಕೆ ಇಳಿಯುದಿಲ್ಲ?

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಜಾಸ್ತಿ ಬರುದು, ಸ್ವಲ್ಪ ಕೂತು ಲೆಕ್ಕ ಮಾಡುವ.

ನಿಮ್ಮ ಟ್ಯಾಂಕಲ್ಲಿ ವಾರಕ್ಕೆ 5 ಪಿಪಿಎಂ ನೈಟ್ರೇಟ್ ಹುಟ್ಟುತ್ತದೆ ಅಂತ ಇಟ್ಕೊಳ್ಳಿ. ಈಗ ಇರುದು 50. ನೀವು 10% ಬದಲಿಸಿದ್ರಿ, 5 ಹೋಯ್ತು, 45 ಆಯ್ತು. ವಾರದಲ್ಲಿ ಮತ್ತೆ 5 ಬಂತು, ಪುನಃ 50. ಹೀಗೆ ಹತ್ತು ವರ್ಷ ಮಾಡಿದ್ರೂ ಭಾನುವಾರ ಬೆಳಿಗ್ಗೆ ಟೆಸ್ಟ್ ಮಾಡಿದಾಗ 50ಯೇ. ನಿಮ್ಮದು ತಪ್ಪು ಅಲ್ಲ, ನೀರಿನ ಲೆಕ್ಕವೇ ಹಾಗೆ. ಸೊನ್ನೆಯಿಂದ ಶುರುವಾದ್ರೂ ನಿಧಾನಕ್ಕೆ ಹತ್ತಿ ಹತ್ತಿ 50ರ ಹತ್ತಿರ ಹೋಗಿ ನಿಲ್ತದೆ. ಅದೇ 20% ಬದಲಿಸಿದ್ರೆ ನಿಲ್ಲುದು 25ರಲ್ಲಿ. ಅಥವಾ 10% ಇಟ್ಟುಕೊಂಡು ಆಹಾರ ಅರ್ಧ ಮಾಡಿದ್ರೂ 25ರಲ್ಲೇ ನಿಲ್ತದೆ, ಉಪ್ಪಿನ ಖರ್ಚು ಒಂದು ರೂಪಾಯಿ ಸಹ ಜಾಸ್ತಿ ಇಲ್ಲ.

ಸುಲಭದ ಸೂತ್ರ: ವಾರದಲ್ಲಿ ಎಷ್ಟು ಏರ್ತದೆ ನೋಡಿ, ಅದನ್ನು ಬದಲಿಸುವ ಪಾಲಿನಿಂದ ಭಾಗಿಸಿ. 5 ಭಾಗಿಸು 0.1 ಅಂದ್ರೆ 50. ಒಮ್ಮೆ ಇಳಿಸ್ಬೇಕಿದ್ರೆ ದೊಡ್ಡ ಬದಲಾವಣೆಯೇ ಲಾಭ, 40 ಇದ್ದ ನೀರನ್ನು 50% ಒಮ್ಮೆ ಬದಲಿಸಿದ್ರೆ 20, ಅದೇ ಐದು ಸಲ 10% ಮಾಡಿದ್ರೆ ಅಷ್ಟೇ ಉಪ್ಪು ಖರ್ಚಾಗಿ ಬರುದು 23.6. ಆದ್ರೆ ಹೊಸ ನೀರಿನ ಉಪ್ಪು, ಬಿಸಿ, ಪಿಎಚ್ ಹಳೆಯದಕ್ಕೆ ಸರಿಯಾಗಿ ಹೊಂದಬೇಕು, ಇಲ್ಲದಿದ್ರೆ 50% ಮಾಡ್ಲಿಕ್ಕೆ ಹೋಗ್ಬೇಡಿ. ನಮ್ಮ ಟ್ಯಾಂಕಲ್ಲಿ ಬಂಡೆ ಮರಳು ಕಳೆದು 160 ಲೀಟರ್ ನೀರು, 20% ಅಂದ್ರೆ 32 ಲೀಟರ್, ಸುಮಾರು 1.2 ಕೆಜಿ ಉಪ್ಪು. ಹಿಂದಿನ ರಾತ್ರಿ ಡ್ರಮ್ಮಲ್ಲಿ ಕಲಸಿ ಪಂಪ್ ಹಾಕಿ ಬಿಡ್ತೇನೆ.

ನೀರು ಬದಲಿಸುದರಿಂದ ಇನ್ನೊಂದು ಉಪಕಾರ ಉಂಟು. ಅಮೋನಿಯ ನೈಟ್ರೇಟ್ ಆಗುವಾಗ ಕ್ಷಾರೀಯತೆಯನ್ನು ತಿಂದುಹಾಕ್ತದೆ, ಹಳೆ ಟ್ಯಾಂಕಲ್ಲಿ ಕೆಎಚ್ (ಕ್ಷಾರೀಯತೆಯ ಅಳತೆ) ಇಳಿದು ಪಿಎಚ್ 7.8ಕ್ಕೆ ಬಂದದ್ದಕ್ಕೆ ಇದೂ ಒಂದು ಕಾರಣ, ಹೊಸ ನೀರು ಅದನ್ನು ತುಂಬಿಸ್ತದೆ.

ಆಹಾರದಿಂದ ಅಷ್ಟೆಲ್ಲ ನೈಟ್ರೇಟ್ ಬರ್ತದಾ? ಚಿಟಿಕೆ ಹಾಕುದು ಮಾತ್ರ.

ಬರ್ತದೆ. 1 ಗ್ರಾಂ ಒಣ ಆಹಾರ ತಕೊಳ್ಳಿ, ಡಬ್ಬದ ಮೇಲೆ ಪ್ರೋಟೀನ್ 50% ಅಂತ ಇದ್ರೆ ಅರ್ಧ ಗ್ರಾಂ ಪ್ರೋಟೀನ್. ಪ್ರೋಟೀನಲ್ಲಿ ನೈಟ್ರೋಜನ್ 16%, ಅಂದ್ರೆ 80 ಮಿಲಿಗ್ರಾಂ. ಅದೆಲ್ಲ ನೈಟ್ರೇಟ್ ಆದ್ರೆ 354 ಮಿಲಿಗ್ರಾಂ, ನಮ್ಮ 160 ಲೀಟರಿಗೆ ಹಂಚಿದ್ರೆ 2.2 ಪಿಪಿಎಂ. ದಿನಕ್ಕೆ ಅರ್ಧ ಗ್ರಾಂ ಹಾಕಿದ್ರೆ ವಾರಕ್ಕೆ ಏಳು ಚಿಲ್ಲರೆ, ಸ್ವಲ್ಪ ಮೀನಿನ ಮೈಗೆ ಹೋಗ್ತದೆ, ಸ್ವಲ್ಪ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ಎತ್ತುವ ಯಂತ್ರ) ತೆಗಿತದೆ, ಮತ್ತೆ ಉಳಿಯುದು ಮೇಲೆ ಹೇಳಿದ ಆ 5. ಒಮ್ಮೆ ನಿಮ್ಮ ಚಿಟಿಕೆಯನ್ನು ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿ, ಮನೆಯಲ್ಲಿ ನಾಲ್ಕು ಜನ ಇದ್ರೆ ನಾಲ್ಕು ಚಿಟಿಕೆ ನಾಲ್ಕು ತೂಕ ಇರ್ತದೆ. ನಾವು ಆಹಾರದ ಡಬ್ಬದ ಪಕ್ಕ ಸಣ್ಣ ಅಳತೆ ಚಮಚ ಇಟ್ಟ ಮೇಲೆ ಅಮ್ಮ ಹಾಕಿದ್ರೂ ಮಕ್ಕಳು ಹಾಕಿದ್ರೂ ಒಂದೇ ಆಯ್ತು.

ಮಾರ್ಕೆಟಿನ ಹಸಿ ಎಟ್ಟಿ (ಸಿಗಡಿ) ಕೊಚ್ಚಿ ಹಾಕುದು ಒಳ್ಳೆದೇ, ಮೀನಿಗೆ ಇಷ್ಟ, ಆದ್ರೆ ತೊಳೆದು ಹಾಕಿ, ಆ ರಸ ಟ್ಯಾಂಕಿಗೆ ಬಿಡ್ಬೇಡಿ. ಬೂತಾಯಿ, ಬಂಗುಡೆ ಮೀನು ಬೇಡ, ಎಣ್ಣೆ ಮೇಲೆ ಪದರ ಕಟ್ತದೆ.

ಸಮುದ್ರ ಇಲ್ಲೇ ಉಂಟಲ್ಲ, ಉಪ್ಪು ಯಾಕೆ ಖರೀದಿ ಮಾಡುದು? ಮಲ್ಪೆಯಿಂದ ಎರಡು ಕ್ಯಾನ್ ತಂದ್ರೆ ಆಯ್ತು.

ತರಬಹುದು, ನಾನೂ ತರ್ತೇನೆ, ಆದ್ರೆ ವರ್ಷ ಪೂರ್ತಿ ಅಲ್ಲ. ಜೂನಿಂದ ಸೆಪ್ಟೆಂಬರ್ ತನಕ ಮುಟ್ಲಿಕ್ಕೇ ಹೋಗ್ಬೇಡಿ. ನೇತ್ರಾವತಿ, ಗುರುಪುರ ನದಿ, ಸ್ವರ್ಣ, ಸೀತಾ ಎಲ್ಲಾ ಕೆಂಪು ನೀರು ತಂದು ಅಳಿವೆಯಲ್ಲಿ ಸುರಿತವೆ, ದಡದ ಹತ್ತಿರದ ನೀರು ಉಪ್ಪೇ ಇರುದಿಲ್ಲ, ಜೊತೆಗೆ ಗದ್ದೆ ತೋಟದ ಗೊಬ್ಬರ, ಪೇಟೆಯ ಚರಂಡಿ. ಮೇಲಿನ ನೀರಿನ ಕತೆ ಇದು. ಕೆಳಗೆ ಇನ್ನೊಂದು ಆಗ್ತಾ ಉಂಟು, ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಆಳದ ತಣ್ಣಗಿನ ನೀರು ಮೇಲೆ ಏರಿ ಬರ್ತದೆ, ಅದರಲ್ಲಿ ಆಮ್ಲಜನಕ ಕಮ್ಮಿ, ನೈಟ್ರೇಟ್ ಫಾಸ್ಫೇಟ್ ಜಾಸ್ತಿ. ಮೀನುಗಾರಿಕೆಗೆ ಅದು ವರ, ಅದರಿಂದಲೇ ಪ್ಲಾಂಕ್ಟನ್ ಎದ್ದು ಬೂತಾಯಿ ಬಂಗುಡೆಗೆ ಊಟ ಸಿಗುದು, ನಮ್ಮ ಟ್ಯಾಂಕಿಗೆ ಮಾತ್ರ ಬೇಡ.

ಡಿಸೆಂಬರಿಂದ ಏಪ್ರಿಲ್ ಒಳ್ಳೆ ಸಮಯ. ಬಂದರಿನ ಒಳಗೆ, ಬೋಟ್ ನಿಲ್ಲುವಲ್ಲಿ, ಅಳಿವೆ ಬಾಗಿಲ ಹತ್ತಿರ ತೆಗಿಬೇಡಿ, ಡೀಸೆಲ್ ಇರ್ತದೆ. ಉಬ್ಬರ ಪೂರ್ತಿ ಏರಿದಾಗ, ದಡದಿಂದ ದೂರ ಹೋಗುವ ಪರಿಚಯದ ದೋಣಿಯವರಿದ್ರೆ ಅವರ ಹತ್ತಿರ ಕ್ಯಾನ್ ಕೊಟ್ಟು ಕಳಿಸಿ. ತಂದ ನೀರನ್ನು ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಲ್ಲಿ ನೋಡಿ, 1.025ರಿಂದ 1.026 ಬರ್ಬೇಕು, ಅಂದ್ರೆ ಲೀಟರಿಗೆ 35 ಗ್ರಾಂ ಸುಮಾರು. ದಟ್ಟ ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಮುಚ್ಚಿ ಗಾಳಿ ಬಿಟ್ಟು ಎರಡು ಮೂರು ವಾರ ಇಡಿ, ಒಳಗಿನ ಪ್ಲಾಂಕ್ಟನ್ ಸತ್ತು ಕೊಳೆತು ಅಡಿಗೆ ಕೂತು ತಿಳಿ ಆಗ್ತದೆ. ಆ ತಿಳಿಯ ಅಮೋನಿಯ, ನೈಟ್ರೇಟ್ ಟೆಸ್ಟ್ ಮಾಡಿಯೇ ಹಾಕಿ. ಮಳೆಗಾಲಕ್ಕೆ ಪ್ಯಾಕೆಟ್ ಉಪ್ಪು ಇಟ್ಕೊಳ್ಳಿ.

ಬಾವಿ ನೀರು ತುಂಬ ಸಿಹಿ ನಮ್ಮದು, ಅದಕ್ಕೇ ಉಪ್ಪು ಕಲಸಿದ್ರೆ?

ಬಾಯಿಗೆ ಸಿಹಿ ಇದ್ದದ್ದಕ್ಕೂ ನೈಟ್ರೇಟಿಗೂ ಸಂಬಂಧ ಇಲ್ಲ, ಅದಕ್ಕೆ ರುಚಿ ಇಲ್ಲ ಬಣ್ಣ ಇಲ್ಲ. ಕುಡಿಯುವ ನೀರಿಗೇ ನಮ್ಮ ದೇಶದ ಮಾನದಂಡದಲ್ಲಿ ನೈಟ್ರೇಟ್ 45 ತನಕ ಒಪ್ಪಿಗೆ ಉಂಟು, ಅಂಥ ನೀರಿಂದ ಟ್ಯಾಂಕ್ ತುಂಬಿಸಿದ್ರೆ ಮೊದಲ ದಿನವೇ 45. ಬಾವಿಯ ಹತ್ತಿರ ಹಟ್ಟಿ, ಗೊಬ್ಬರದ ಗುಂಡಿ, ಟಾಯ್ಲೆಟ್ ಪಿಟ್ ಇದ್ಯಾ ನೋಡಿ. ಮೊದ್ಲು ಬಾವಿ ನೀರನ್ನೇ ಟೆಸ್ಟ್ ಮಾಡಿ, ಇದನ್ನು ಯಾರೂ ಮಾಡುದಿಲ್ಲ! ಕಾಪುವಿನ ಒಬ್ಬರು ಎರಡು ವರ್ಷ ನೈಟ್ರೇಟ್ ಹಿಂದೆ ಬಿದ್ದು ಎರಡು ಸ್ಕಿಮ್ಮರ್ ತಕೊಂಡ್ರು, ಕೊನೆಗೆ ನೋಡಿದ್ರೆ ಬಾವಿಯಲ್ಲೇ 30 ಇತ್ತು. ಆವಿಯಾಗಿ ಕಮ್ಮಿ ಆದ ನೀರಿಗೆ ದಿನಾ ಅದನ್ನೇ ತುಂಬಿಸ್ತಿದ್ರು, ನೀರು ಆವಿಯಾಗ್ತದೆ, ನೈಟ್ರೇಟ್ ಆವಿಯಾಗುದಿಲ್ಲ, ಅಲ್ಲೇ ಉಳಿತದೆ.

ಪೇಟೆಯ ನಳ್ಳಿ ನೀರಾದ್ರೆ ಕ್ಲೋರಿನ್ ಇರ್ತದೆ. ಎರಡಕ್ಕೂ ಆರ್‌ಒ ನೀರೇ ಒಳ್ಳೆದು, ಹಿಂದಿನಿಂದ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿಯುವ ಹರಳು) ಇದ್ರೆ ಇನ್ನೂ ಒಳ್ಳೆದು. ಕರಾವಳಿಯ ಬಾವಿ ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ) ಮೊದಲೇ ಕಮ್ಮಿ ಇರುದು ಸಾಮಾನ್ಯ, ಮೀಟರಲ್ಲಿ 60 ಕಂಡದ್ದಕ್ಕೆ ಶುದ್ಧ ಅಂತ ತಿಳ್ಕೊಳ್ಬೇಡಿ, ಆ 60ರಲ್ಲಿ ಎಂತ ಉಂಟು ಅಂತ ಮೀಟರ್ ಹೇಳುದಿಲ್ಲ.

ಹೊಸ ಟ್ಯಾಂಕ್ ಸೈಕಲ್ ಆಗ್ಲಿಕ್ಕೆ, ಅಂದ್ರೆ ಫಿಲ್ಟರಲ್ಲಿ ಬ್ಯಾಕ್ಟೀರಿಯ ನೆಲೆಸ್ಲಿಕ್ಕೆ, ಎಷ್ಟು ದಿನ? ಬ್ಯಾಕ್ಟೀರಿಯ ಬಾಟ್ಲಿ ಹಾಕಿದ್ರೆ ಮರುದಿನವೇ ಮೀನು ಬಿಡಬಹುದಾ?

ನಾಲ್ಕರಿಂದ ಆರು ವಾರ. ಮೊಸರಿಗೆ ಹೆಪ್ಪು ಹಾಕಿದ್ರೆ ರಾತ್ರಿ ಬೆಳಗಾಗುದರೊಳಗೆ ಆಗ್ತದೆ, ಆ ಬ್ಯಾಕ್ಟೀರಿಯ ಗಂಟೆಗಂಟೆಗೆ ಹೆಚ್ಚುವಂಥದ್ದು. ಈ ನೈಟ್ರಿಫೈ ಮಾಡುವವು ಹಾಗಲ್ಲ, ಒಂದು ಎರಡಾಗ್ಲಿಕ್ಕೇ ಅರ್ಧ ದಿನದಿಂದ ಒಂದು ದಿನಕ್ಕಿಂತ ಜಾಸ್ತಿ ಬೇಕು. ಬಾಟ್ಲಿ ಸಹಾಯ ಮಾಡ್ತದೆ, ಅದೂ ಹೆಪ್ಪೇ, ಆದ್ರೆ ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ವ್ಯಾನಲ್ಲಿ ಮೂರು ದಿನ ಬೆಂದು ಬಂದ ಬಾಟ್ಲಿಯಲ್ಲಿ ಎಷ್ಟು ಜೀವ ಉಳಿದಿರ್ತದೆ ಹೇಳಿ. ಒಂದು ಸಿಪ್ಪೆ ಸಹಿತ ಎಟ್ಟಿ ಹಳೆ ಕಾಲುಚೀಲದಲ್ಲಿ ಕಟ್ಟಿ ಹಾಕಿ, ಅಥವಾ ಅಮೋನಿಯಂ ಕ್ಲೋರೈಡ್ ಹಾಕಿ 2 ಪಿಪಿಎಂ ಮಾಡಿ. ಆ 2 ಒಂದೇ ದಿನದಲ್ಲಿ ಸೊನ್ನೆ ಆಗಿ ನೈಟ್ರೈಟೂ ಸೊನ್ನೆ ಆದ್ರೆ ಫಿಲ್ಟರ್ ರೆಡಿ. ಹಳೆ ಟ್ಯಾಂಕ್ ಇರುವ ಸ್ನೇಹಿತರಿದ್ರೆ ಅವರ ಫಿಲ್ಟರಿನ ಒಂದು ಮುಷ್ಟಿ ಸೆರಾಮಿಕ್ ರಿಂಗ್ ಕೇಳಿ ತನ್ನಿ, ಬಾಟ್ಲಿಗಿಂತ ನೂರು ಪಾಲು ಒಳ್ಳೆದು, ನಾನು ಈ ತನಕ ಆರೇಳು ಮನೆಗೆ ಕೊಟ್ಟಿದ್ದೇನೆ.

ಲೈವ್ ರಾಕ್ (ಬ್ಯಾಕ್ಟೀರಿಯ ತುಂಬಿದ ತೂತಿನ ಬಂಡೆ) ಎಲ್ಲಿ ಸಿಗ್ತದೆ? ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಿಂದ ತರಬಹುದಾ? ಕೆಂಪುಕಲ್ಲು ಹಾಕಿದ್ರೆ ಆಗ್ತದಾ?

ನೇತ್ರಾಣಿಯ ಹವಳ ಮುಟ್ಟುವ ಮಾತೇ ಬೇಡ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದ್ದಾರೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಕಡಲಕುದುರೆಯೂ ಅದೇ ಪಟ್ಟಿಯಲ್ಲಿ ಬಂತು. ಕಾನೂನು ಬಿಡಿ, ಒಂದು ಬಾರಿ ಅಲ್ಲಿ ಮುಳುಗಿ ನೋಡಿದವರಿಗೆ ಅದನ್ನು ಒಡೆದು ತರ್ಲಿಕ್ಕೆ ಮನಸ್ಸು ಬರುದಿಲ್ಲ.

ಕೆಂಪುಕಲ್ಲಲ್ಲಿ ತೂತು ತುಂಬ ಉಂಟು, ನೋಡ್ಲಿಕ್ಕೆ ಫಿಲ್ಟರ್ ಮೀಡಿಯದ ಹಾಗೇ, ಆದ್ರೆ ಅದು ಕಬ್ಬಿಣ ಅಲ್ಯುಮಿನಿಯಂ ತುಂಬಿದ ಕಲ್ಲು, ಉಪ್ಪುನೀರಲ್ಲಿ ಪುಡಿ ಉದುರ್ತದೆ, ಬೇಡ. ಮರುವಾಯಿ ಚಿಪ್ಪು ಕುದಿಸಿ ಚೆನ್ನಾಗಿ ತೊಳೆದು ತಳಕ್ಕೆ ಹಾಕಬಹುದು, ಸುಣ್ಣವೇ ಅದು, ಆದ್ರೆ ನುಣುಪು, ಬ್ಯಾಕ್ಟೀರಿಯಕ್ಕೆ ಜಾಗ ಕಮ್ಮಿ. ಅರಗೊನೈಟ್ ಅನ್ನುವ ಸುಣ್ಣದ ಒಣ ಬಂಡೆ, ಸೆರಾಮಿಕ್ ಬ್ಲಾಕ್ ತಕೊಳ್ಳಿ, ಆರು ತಿಂಗಳಲ್ಲಿ ಅದೇ ಲೈವ್ ರಾಕ್ ಆಗ್ತದೆ.

ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯವೂ ಉಂಟಂತೆ, ಹೌದಾ?

ಹೌದು, ಅದು ಆಮ್ಲಜನಕ ಇಲ್ಲದ ಕಡೆ ಬದುಕ್ತದೆ. ಉಸಿರಾಡ್ಲಿಕ್ಕೆ ಆಮ್ಲಜನಕ ಸಿಗದಿದ್ದಾಗ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ಕೊಳ್ತದೆ, ಉಳಿದ ನೈಟ್ರೋಜನ್ ಗಾಳಿಯಾಗಿ ಗುಳ್ಳೆಯಲ್ಲಿ ಹೊರಗೆ ಹೋಗ್ತದೆ. ನಿಜವಾಗಿ ಹೊರಗೆ ಹೋಗುವ ದಾರಿ ಅಂದ್ರೆ ಇದೇ. ಇದಕ್ಕೆ ಒಂದು ದೊಡ್ಡ ಉದಾಹರಣೆ ನಮ್ಮ ಅರಬ್ಬಿ ಸಮುದ್ರ, ಸುಮಾರು 150 ಮೀಟರಿಂದ 1000 ಮೀಟರ್ ಆಳದ ತನಕ ಅಲ್ಲಿ ಆಮ್ಲಜನಕ ಬಹಳ ಕಮ್ಮಿ ಇರುವ ಪದರ ಉಂಟು, ಜಗತ್ತಿನ ಸಮುದ್ರಗಳಲ್ಲಿ ಹೀಗೆ ನೈಟ್ರೇಟ್ ಗಾಳಿಯಾಗಿ ಹೋಗುವ ಮೂರು ಮುಖ್ಯ ಜಾಗಗಳಲ್ಲಿ ಅದೂ ಒಂದು. ಸಂಜೆ ಮಲ್ಪೆ ಬೀಚಲ್ಲಿ ಕೂತು ನೋಡ್ತೇವಲ್ಲ, ಅದೇ ಸಮುದ್ರ.

ಟ್ಯಾಂಕಲ್ಲಿ ಅಂಥ ಜಾಗ ಎಲ್ಲಿ ಸಿಗ್ತದೆ? ತೂತಿನ ಬಂಡೆಯ ಒಳಗೆ, ಮತ್ತೆ ದಪ್ಪ ಮರಳಿನ ಅಡಿಯಲ್ಲಿ. ಮರಳು ನಯವಾಗಿ 10 ಸೆಂಟಿಮೀಟರಿಗಿಂತ ದಪ್ಪ ಇರ್ಬೇಕು, ಹಾಗೆ ಹಾಕಿದ ಮೇಲೆ ಕೈ ಹಾಕಿ ಕೆದಕ್ಬಾರ್ದು. ಅಡಿಯಲ್ಲಿ ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಮೂರಡಿ ಟ್ಯಾಂಕಲ್ಲಿ ಇಷ್ಟು ದಪ್ಪ ಮರಳಿಗಿಂತ ಒಳ್ಳೆ ತೂತಿನ ಬಂಡೆಯೇ ನನ್ನ ಆಯ್ಕೆ.

ವಿನೆಗರ್ ಹಾಕಿದ್ರೆ ನೈಟ್ರೇಟ್ ಇಳಿತದೆ ಅಂತಾರಲ್ಲ?

ಇಳಿತದೆ, ಆದ್ರೆ ಸ್ಕಿಮ್ಮರ್ ಇಲ್ಲದವರು ಈ ಉತ್ತರ ಓದ್ಲೇಬೇಡಿ. ವಿನೆಗರ್ ಅಂದ್ರೆ ಬ್ಯಾಕ್ಟೀರಿಯಕ್ಕೆ ಇಂಗಾಲದ ಊಟ. ಅದನ್ನು ತಿಂದು ಹೆಚ್ಚುವಾಗ ನೀರಿನ ನೈಟ್ರೇಟ್, ಫಾಸ್ಫೇಟನ್ನೂ ಮೈಗೆ ಎಳ್ಕೊಳ್ತವೆ, ಆ ಬ್ಯಾಕ್ಟೀರಿಯವನ್ನು ಸ್ಕಿಮ್ಮರ್ ನೊರೆಯಲ್ಲಿ ಎತ್ತಿ ಹೊರಗೆ ಹಾಕ್ತದೆ. 160 ಲೀಟರಿಗೆ ದಿನಕ್ಕೆ 1 ಮಿಲಿಲೀಟರಿಂದ ಶುರು ಮಾಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, ನೈಟ್ರೇಟ್ ಇಳಿಲಿಕ್ಕೆ ಶುರುವಾದ್ರೆ ಏರಿಸುದನ್ನು ಅಲ್ಲಿಗೇ ನಿಲ್ಲಿಸಿ. ಬಣ್ಣ ಇಲ್ಲದ ಸಾದಾ ಬಿಳಿ ವಿನೆಗರ್ ಮಾತ್ರ. ಮಂಗಳೂರಲ್ಲಿ ಅಡುಗೆಗೆ ಸಿಗುವ ಕಳ್ಳಿನ ವಿನೆಗರ್ ಬೇಡ, ಅದರಲ್ಲಿ ಬೇರೆ ಏನೇನೋ ಉಂಟು. ನೀರು ಹಾಲು ಹಾಲು ಕಂಡ್ರೆ ಬ್ಯಾಕ್ಟೀರಿಯ ಜಾಸ್ತಿ ಆಗಿ ಆಮ್ಲಜನಕ ಕುಡಿತಾ ಉಂಟು ಅಂತ, ಕೂಡ್ಲೇ ನಿಲ್ಲಿಸಿ ಏರ್ ಸ್ಟೋನ್ ಹಾಕಿ. ರಾತ್ರಿ ಹಾಕ್ಬೇಡಿ.

ಇದೆಲ್ಲ ತಲೆಬಿಸಿ ಬೇಡ, ಗಿಡ ನೆಟ್ರೆ?

ಕೀಟೊಮಾರ್ಫ ಅಂತ ಹಸಿರು ತಂತಿ ಉಂಡೆಯ ಹಾಗಿನ ಪಾಚಿ ಉಂಟು, ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ (ಸಂಪ್) ಬೆಳಕು ಕೊಟ್ಟು ಬೆಳೆಸಿ. ತಿಂಗಳಿಗೆ ಒಂದು ಮುಷ್ಟಿ ಕಿತ್ತು ಹೊರಗೆ ಹಾಕ್ಬೇಕು, ಕೀಳದೆ ಬಿಟ್ರೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಇದೇ ಆ ಅಡಿಕೆ ಮರ, ಕಿತ್ತದ್ದನ್ನು ತೊಳೆದು ತೆಂಗಿನ ಬುಡಕ್ಕೆ ಹಾಕ್ತೇವೆ.

ಫಿಲ್ಟರ್ ತೊಳೆಯುದು ಹೇಗೆ?

ನೀರು ಬದಲಿಸುವಾಗ ತೆಗೆದ ಟ್ಯಾಂಕಿನ ನೀರಲ್ಲೇ. ಎರಡನೇ ವರ್ಷ ನಾನು ಸೆರಾಮಿಕ್ ರಿಂಗನ್ನೆಲ್ಲ ನಳ್ಳಿ ಕೆಳಗೆ ಇಟ್ಟು ಪಳಪಳ ತೊಳೆದೆ, ಮೂರು ದಿನದಲ್ಲಿ ಅಮೋನಿಯ ಏರಿ ಮೊದಲ ಜೋಡಿ ಕ್ಲೌನ್ ಹೋಯ್ತು, ಮಗಳು ಹೆಸರಿಟ್ಟ ಮೀನು. ಕ್ಲೋರಿನ್, ಸಿಹಿನೀರು ಎರಡೂ ಆ ಬ್ಯಾಕ್ಟೀರಿಯಕ್ಕೆ ಆಗುದಿಲ್ಲ. ಹತ್ತಿಯಂಥ ಬಿಳಿ ಫ್ಲಾಸ್ ಮಾತ್ರ ಮೂರು ನಾಲ್ಕು ದಿನಕ್ಕೊಮ್ಮೆ ಬಿಸಾಡಿ ಹೊಸತು ಹಾಕಿ, ಅದರಲ್ಲಿ ಸಿಕ್ಕಿದ ಕೊಳೆ ಕೊಳೆಯುವ ಮೊದ್ಲೇ ಹೊರಗೆ ಹೋದ್ರೆ ಅಷ್ಟು ನೈಟ್ರೇಟ್ ಕಮ್ಮಿ.

ಮಳೆಗಾಲದಲ್ಲಿ ಇಡೀ ರಾತ್ರಿ ಕರೆಂಟ್ ಇಲ್ಲ, ಎಂತ ಮಾಡುದು?

ಮೊದ್ಲು ಗಾಳಿ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿ ಇರ್ಲೇಬೇಕು, ಇನ್ವರ್ಟರ್ ಇದ್ರೆ ಸಣ್ಣ ವೇವ್ ಪಂಪ್ ಅದಕ್ಕೆ ಕೊಡಿ, ಲೈಟ್ ಬೇಡ. ಕರೆಂಟ್ ಬರುವ ತನಕ ಆಹಾರ ಹಾಕ್ಬೇಡಿ, ಮೀನು ಎರಡು ದಿನ ಉಪವಾಸ ಇರ್ತದೆ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇದ್ದವರು ಜಾಗ್ರತೆ, ನೀರು ನಿಂತ್ರೆ ಒಳಗಿನ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗಿದು ಬ್ಯಾಕ್ಟೀರಿಯ ಸಾಯ್ಲಿಕ್ಕೆ ಶುರು. ಮೂರು ನಾಲ್ಕು ಗಂಟೆಗಿಂತ ಜಾಸ್ತಿ ನಿಂತಿದ್ರೆ ಕರೆಂಟ್ ಬಂದ ಕೂಡ್ಲೇ ಆನ್ ಮಾಡ್ಬೇಡಿ, ಮೊದ್ಲು ಮುಚ್ಚಳ ತೆಗೆದು ಒಳಗಿನ ನೀರು ಪೂರ್ತಿ ಚೆಲ್ಲಿ, ಟ್ಯಾಂಕಿನ ನೀರಲ್ಲಿ ಒಮ್ಮೆ ಅದ್ದಿ ತೆಗೆದು ಮತ್ತೆ ಸ್ಟಾರ್ಟ್ ಮಾಡಿ, ಮರುದಿನ ಬೆಳಿಗ್ಗೆ ಸಂಜೆ ಎರಡು ಸಲ ಅಮೋನಿಯ ನೋಡಿ.